ಸೂಜಿಹಕ್ಕಿಯ ಸೊನ್ನೆಗಳು

ನನ್ನ ಸೋದರಮಾವನನ್ನು ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಕಿವಿ’ ಎಂದೇ. ಇಪ್ಪತ್ತೆಂಟು ವರ್ಷ ಅಲ್ಲಿ ದಿನಗೂಲಿಯ ಮೇಲೆ ಹಕ್ಕಿ ಎಣಿಸಿದವನು. ದೊಡ್ಡ ದೊಡ್ಡ ವಿಜ್ಞಾನಿಗಳು ದುರ್ಬೀನು ಹಿಡಿದು ಪೊದೆಯಲ್ಲಿ ತಡಕಾಡುತ್ತಿರುವಾಗ ಇವನು ಕಣ್ಣು ಮುಚ್ಚಿ ನಿಂತು, “ಎಡಗಡೆ ಎರಡು, ಹಿಂದೆ ಒಂದು, ಆ ಹಿಂದಿಂದು ಮರಿ” ಎಂದುಬಿಡುತ್ತಿದ್ದ. ಹುಡುಕಿದರೆ ಅಷ್ಟೇ ಸಿಗುತ್ತಿದ್ದವು. ಹತ್ತನೇ ತರಗತಿ ದಾಟದ ಈ ಮನುಷ್ಯನ ಲೆಕ್ಕದ ಮೇಲೆ ಎಷ್ಟು ಜನ ಡಾಕ್ಟರ್ ಆದರೋ, ಅವರಿಗೇ ಗೊತ್ತು. ಇವನಿಗೆ ಸಿಕ್ಕಿದ್ದು ಕೆಲಸ ಬಿಡುವ ದಿನ ಒಂದು ಗೋಡೆ ಗಡಿಯಾರ.

ಅತ್ತೆ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ನಮ್ಮ ಮನೆಯ ಮುಂದಿನ ಕೋಣೆಗೆ ಬಂದು ಸೇರಿಕೊಂಡ. “ಇಷ್ಟು ವರ್ಷ ದುಡಿದು ಏನು ಆಸ್ತಿ ಮಾಡ್ದೆ ಮಾವ?” ಎಂದು ನಾನು ರೇಗಿಸಿದರೆ ಎರಡೂ ಕಿವಿ ಹಿಡಿದು ತೋರಿಸುತ್ತಿದ್ದ. ನನಗೆ ಹಕ್ಕಿಗಳ ಹುಚ್ಚು ಹತ್ತಿಸಿದವನೂ ಅವನೇ. ಅಮ್ಮ ಅವನಿಗೆ ಇವತ್ತಿಗೂ ಅದನ್ನು ಕ್ಷಮಿಸಿಲ್ಲ.

ನನಗಿದ್ದದ್ದು ಒಂದೇ ಆಸೆ. ಅದೇ ಕೇಂದ್ರದಲ್ಲಿ ಸರ್ಕಾರಿ ವಿಜ್ಞಾನಿಯ ಹುದ್ದೆ. ಮೊದಲು ಲಿಖಿತ ಪರೀಕ್ಷೆ, ಆಮೇಲೆ ಐದು ವರ್ಷ ಸತತವಾಗಿ ಮಾಡಿದ ಕ್ಷೇತ್ರಕಾರ್ಯದ ದಾಖಲೆ, ಕೊನೆಗೆ ಸಂದರ್ಶನ. ಮೂವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ. ಎರಡು ಸಲ ಲಿಖಿತ ಪರೀಕ್ಷೆಯಲ್ಲೇ ಮುಗ್ಗರಿಸಿದ್ದೆ. ಮೂರನೇ ಸಲ ಪಾಸಾದಾಗ ನನಗೆ ಮೂವತ್ತೈದು ತುಂಬಲು ಏಳು ತಿಂಗಳಿತ್ತು. ಅಂದರೆ ಇದೇ ಕೊನೆಯ ಬಾಗಿಲು.

ನನ್ನ ದಾಖಲೆ ನಮ್ಮೂರ ಕೆರೆಯ ಜೊಂಡಿನಲ್ಲಿರುವ ಒಂದು ಹಕ್ಕಿಯದು. ಹೆಬ್ಬೆರಳಷ್ಟು ಗಾತ್ರ, ಒಣಹುಲ್ಲಿನ ಬಣ್ಣ, ಕಣ್ಣಿಗೆ ಬೀಳುವುದೇ ಇಲ್ಲ. ಮೊಟ್ಟೆಯಿಡುವ ಎರಡು ತಿಂಗಳು ಗಂಡು ಕೂಗುತ್ತದೆ, ಆ ಕೂಗನ್ನೇ ಎಣಿಸಬೇಕು. ಬಟ್ಟೆಯಲ್ಲಿ ಸೂಜಿ ತೂರಿದಷ್ಟು ಸಣ್ಣ, ಚೂಪು ಸ್ವರ. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ನಮ್ಮ ಮನೆಯಲ್ಲಿ ಅದು ಸೂಜಿಹಕ್ಕಿ. ಕೆರೆ ಏರಿಯ ಮೇಲೆ ಹನ್ನೆರಡು ಕಡೆ ಗೂಟ ನೆಟ್ಟಿದ್ದೆವು. ಒಂದೊಂದು ಗೂಟದ ಬಳಿ ಐದೈದು ನಿಮಿಷ ನಿಲ್ಲುವುದು, ಕೇಳಿಸಿದ್ದನ್ನು ಬರೆಯುವುದು, ಕೇಳಿಸದಿದ್ದರೆ ಸೊನ್ನೆ ಹಾಕುವುದು.

ಮೊದಲ ಎರಡು ವರ್ಷ ನಾನೇ ನಸುಕಿನಲ್ಲಿ ಹೋಗಿ ಎಣಿಸಿದೆ. ನಲವತ್ತೊಂದು, ಮೂವತ್ತೆಂಟು. ಆಮೇಲೆ ಪರೀಕ್ಷೆಗೆ ಓದಬೇಕಿತ್ತಲ್ಲ, ಮಾವನನ್ನು ಕಳಿಸಿದೆ. ಅವನಿಗೋ ಹಬ್ಬ. ಕತ್ತಲಲ್ಲಿ ಏರಿ ಮೇಲೆ ಜಾರಿ ಬಿದ್ದಾನೆಂದು, ಬೆಳಕು ಹರಿದ ಮೇಲೇ ಹೋಗು ಎಂದು ಕಟ್ಟಪ್ಪಣೆ ಮಾಡಿದ್ದೆ. ಅವನು ತಂದ ಲೆಕ್ಕ ಹದಿನಾರು, ಮರುವರ್ಷ ನಾಲ್ಕು, ಅದರ ಮರುವರ್ಷ ಸೊನ್ನೆ. ಪಾಪ, ಸೊನ್ನೆ ತಂದ ದಿನ ಊಟ ಸೇರದೆ ಎದ್ದುಬಿಟ್ಟಿದ್ದ. “ಹೋಯ್ತು ಪುಟ್ಟಿ, ಒಂದೂ ಉಳಿದಿಲ್ಲ” ಎಂದ. ನಾನು ಅವನ ಬೆನ್ನು ಸವರಿದೆ, ಮತ್ತೆ ಮೇಜಿಗೆ ಹೋಗಿ ಕೂತು ‘ಒಂದು ಹಕ್ಕಿಯ ಕಣ್ಮರೆ’ ಎಂದು ಲೇಖನ ಬರೆದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗೊಳಗೇ ಖುಷಿಯೂ ಆಗಿತ್ತು. ಇರುವ ಹಕ್ಕಿಗಿಂತ ಹೋದ ಹಕ್ಕಿಗೇ ನಮ್ಮ ವಿದ್ಯೆಯಲ್ಲಿ ಬೆಲೆ. ಲೇಖನ ಅಚ್ಚಾಯಿತು, ನಾಲ್ಕು ಜನ ಮೆಚ್ಚಿದರು. ಕೆರೆಯ ಹೂಳೆತ್ತಲು ಹೊರಟವರು ಅದನ್ನೇ ತಮ್ಮ ಅರ್ಜಿಗೆ ಲಗತ್ತಿಸಿಕೊಂಡರು. ಹಕ್ಕಿಯೇ ಇಲ್ಲದ ಮೇಲೆ ಜೊಂಡು ಕೊಯ್ದರೆ ಯಾರಿಗೇನು ನಷ್ಟ?

ಸಂದರ್ಶನಕ್ಕೆ ನಾಲ್ಕು ದಿನ ಇರುವಾಗ ಕೆರೆಯ ಒಂದೆರಡು ಫೋಟೋ ಬೇಕೆಂದು ಮಾವನ ಜೊತೆ ಹೋದೆ. ಮೂರು ವರ್ಷದಲ್ಲಿ, ಹಕ್ಕಿ ಕೂಗುವ ತಿಂಗಳಲ್ಲಿ ನಾನು ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ನಾಲ್ಕನೇ ಗೂಟದ ಬಳಿ ಮಾವ ಎಂದಿನಂತೆ ಕಣ್ಣು ಮುಚ್ಚಿ ನಿಂತ. ನಾಲ್ಕು ಮಾರು ದೂರದ ಜೊಂಡಿನಿಂದ ಸೂಜಿಹಕ್ಕಿ ಕೂಗಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇವನೇ ಹೇಳಲಿ ಎಂದು ಬಾಯಿ ಬಿಗಿಹಿಡಿದು ನಿಂತೆ. ಅದು ಮತ್ತೆ ಕೂಗಿತು, ಆಚೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಮಾವ ಕಣ್ಣು ತೆರೆದು ನಿಟ್ಟುಸಿರು ಬಿಟ್ಟು ಪುಸ್ತಕದಲ್ಲಿ ಸೊನ್ನೆ ಬರೆದ.

ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ಐದನೇ ಗೂಟದಲ್ಲೂ ಸೊನ್ನೆ, ಆರರಲ್ಲೂ ಸೊನ್ನೆ. ಮಿಂಚುಳ್ಳಿ ಕೂಗಿದ್ದು ಅವನಿಗೆ ಕೇಳಿಸಿತು, ನೀರುಕೋಳಿಯದು ಕೇಳಿಸಿತು, ಆಚೆ ದಡದಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸಿತು. ಹನ್ನೆರಡು ಗೂಟ ಮುಗಿಯುವಾಗ ನನ್ನ ಲೆಕ್ಕ ಮೂವತ್ತೈದು. ಹಕ್ಕಿ ಎಲ್ಲೂ ಹೋಗಿರಲಿಲ್ಲ. ಹೋದದ್ದು ಅವನ ಆಸ್ತಿ.

ಲಿಖಿತ ಪರೀಕ್ಷೆಯಲ್ಲಿ ಎಣಿಸುವವನಿಂದ ಆಗುವ ತಪ್ಪುಗಳ ಬಗ್ಗೆ ಒಂದು ಪ್ರಶ್ನೆಯಿತ್ತು. ನಾಲ್ಕು ಪುಟ ಉತ್ತರ ಬರೆದಿದ್ದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಅತಿ ಸಣ್ಣ ಸ್ವರಗಳನ್ನು, ಕಳೆದುಕೊಂಡವನಿಗೇ ಅದು ಗೊತ್ತಾಗುವುದಿಲ್ಲ ಎಂದೂ ಬರೆದಿದ್ದೆ. ಆ ಉತ್ತರಕ್ಕೆ ಪೂರ್ತಿ ಅಂಕ ಬಂದಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ಜ್ವರ ನೋಡುವ ಕಡ್ಡಿ ಪೀಂಗುಟ್ಟಿ ಸುಮ್ಮನಾದರೂ ಮಾವ ಅದನ್ನು ಬಾಯಲ್ಲೇ ಇಟ್ಟುಕೊಂಡು ಕೂತಿರುತ್ತಿದ್ದದ್ದನ್ನು ನೋಡಿ ನಾನೂ ಅಮ್ಮನೂ ಎಷ್ಟು ಸಲ ನಕ್ಕಿದ್ದೆವು! ನನ್ನ ಓದಿಗೆ ಬೆಂಕಿ ಹಾಕಬೇಕು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೂವತ್ತೈದು ಹಕ್ಕಿ ಕೂಗುತ್ತಿರುವ ಜೊಂಡನ್ನು ನನ್ನ ಲೇಖನ ತೋರಿಸಿಯೇ ಕೊಯ್ದು ಹಾಕುತ್ತಿದ್ದರು.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ ಅಧ್ಯಕ್ಷೆ, ಒಂದು ಪಕ್ಕದಲ್ಲಿ ಮಾವನ ಕಾಲದ ಹಿರಿಯ ವಿಜ್ಞಾನಿ, ಇನ್ನೊಂದು ಪಕ್ಕದಲ್ಲಿ ಅಂಕಿಅಂಶದ ಮೇಷ್ಟ್ರು. ನಾನು ಕೂರುವ ಮೊದಲೇ ಹೇಳಿಬಿಟ್ಟೆ. “ಕೊನೆಯ ಮೂರು ವರ್ಷದ ಲೆಕ್ಕ ತಪ್ಪಾಗಿದೆ ಮೇಡಂ. ಹಕ್ಕಿ ಅಲ್ಲೇ ಇದೆ. ಮೊನ್ನೆ ನಾನೇ ಎಣಿಸಿದೆ.”

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆ ಮೂರು ವರ್ಷ ಎಣಿಸಿದ್ದು ಯಾರು?”

ಹಿರಿಯರು ದಾಖಲೆಯ ಹಾಳೆ ತಿರುವಿದರು. “ಅಯ್ಯೋ, ಇದು ನಮ್ಮ ಕಿವಿ! ಅವನು ತಪ್ಪೋಕೆ ಸಾಧ್ಯಾನೇ ಇಲ್ಲ ಬಿಡಿ.”

ಅಂಕಿಅಂಶದ ಮೇಷ್ಟ್ರು ಮಾತ್ರ ಪೆನ್ನಿನ ತುದಿಯಿಂದ ಹದಿನಾರು, ನಾಲ್ಕು, ಸೊನ್ನೆಗಳನ್ನು ಒಂದೊಂದಾಗಿ ಮುಟ್ಟಿದರು. “ಅವರಿಗೆ ವಯಸ್ಸೆಷ್ಟಮ್ಮ? ಸಣ್ಣ ಸ್ವರ ಕೇಳಿಸ್ತಿಲ್ವೇನೋ. ಆಗುತ್ತೆ, ಯಾರ ತಪ್ಪೂ ಅಲ್ಲ. ಒಂದು ಕೆಲಸ ಮಾಡಿ. ಕಿವಿ ಡಾಕ್ಟರ ಹತ್ರ ತೋರಿಸಿ ಒಂದು ವರದಿ ತಂದುಕೊಡಿ. ಆ ಮೂರು ವರ್ಷಾನ ಪಕ್ಕಕ್ಕಿಟ್ಟು ಉಳಿದದ್ದನ್ನ ನೋಡ್ತೀವಿ. ಬಂದು ನಿಜ ಹೇಳಿದ್ದೀರಿ, ಅದೂ ಲೆಕ್ಕಕ್ಕೆ ಬರುತ್ತೆ.”

ಬಾಗಿಲು ತೆರೆದೇ ಇತ್ತು. ಹೂಂ ಅಂದಿದ್ದರೆ ಸಾಕಿತ್ತು. ಹಿರಿಯರು ನನ್ನನ್ನೇ ನೋಡುತ್ತಿದ್ದರು. ಈ ಸುದ್ದಿ ಸಂಜೆಯೊಳಗೆ ಇಡೀ ಕೇಂದ್ರದಲ್ಲಿ ಹಬ್ಬುತ್ತದೆ, ಕಿವಿಗೆ ಕಿವಿಯೇ ಇಲ್ಲವಂತೆ ಎಂದು ಕ್ಯಾಂಟೀನಿನಲ್ಲಿ ನಗುತ್ತಾರೆ ಅನ್ನಿಸಿತು. ಮಾವ ಡಾಕ್ಟರ ಮುಂದೆ ಸ್ಟೂಲಿನ ಮೇಲೆ ಕೂತು, ಬಾರದ ಶಬ್ದಕ್ಕಾಗಿ ಕಾಯುವುದು ಕಣ್ಣಿಗೆ ಕಟ್ಟಿತು. ನನ್ನದು ಮೊದಲೇ ಮುಂಗೋಪ, ಜೊತೆಗೆ ಜಂಬ.

“ಅವರ ಕಿವಿ ಸರಿಯಾಗೇ ಇದೆ ಸರ್. ಹೊತ್ತು ಬದಲಾಯಿಸಿದ್ದು ನಾನು. ಕತ್ತಲಿರುವಾಗ ಹೋಗ್ಬೇಡಿ, ಬೆಳಕಾದ್ಮೇಲೆ ಹೋಗಿ ಅಂದಿದ್ದೆ. ಅಷ್ಟೊತ್ತಿಗೆ ಹಕ್ಕಿ ಕೂಗು ನಿಲ್ಲಿಸಿರುತ್ತೆ. ತಪ್ಪು ನಂದೇ.”

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅಧ್ಯಕ್ಷೆ ಬೇಸರದಿಂದಲೇ ಕಡತ ಮುಚ್ಚಿದರು. “ಎಣಿಸೋ ಹೊತ್ತನ್ನೇ ಗೊತ್ತು ಮಾಡೋಕೆ ಬರದವರನ್ನ ವಿಜ್ಞಾನಿ ಅಂತ ಹೇಗಮ್ಮ ತಗೊಳ್ಳೋದು?”

ಲೇಖನವನ್ನು ವಾಪಸ್ಸು ಪಡೆದೆ. ಜೊಂಡು ಕೊಯ್ಯುವ ಅರ್ಜಿ ನಿಂತಿತು. ಎರಡು ವಾರಕ್ಕೆ ‘ಅರ್ಹತೆ ಹೊಂದಿಲ್ಲ’ ಎಂಬ ಒಂದು ಸಾಲಿನ ಪತ್ರ ಬಂತು. ಅಮ್ಮ ಅದನ್ನು ಓದಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾವನಿಗೆ ನಾನು ಅದೇ ಸುಳ್ಳನ್ನು ಒಪ್ಪಿಸಿ, ಫೋಟೋ ತೆಗೆದ ಮರುದಿನ ಒಬ್ಬಳೇ ಹೋದಾಗ ಕೂಗು ಕೇಳಿಸಿತೆಂದು ಸೇರಿಸಿದೆ. ಅವನು ನನ್ನನ್ನು ಎಂದೂ ಬೈದವನಲ್ಲ, ಅವತ್ತು ಬೈದ.

“ಹೊತ್ತು ತಪ್ಪೋದು ಅಂದ್ರೇನು? ಎಣಿಕೆ ಅಂದ್ರೆ ಹುಡುಗಾಟಾನಾ? ನನ್ನ ಅಕ್ಕನ ಮಗಳಾಗಿ ಹಿಂಗೆ ಮಾಡೋದಾ?” ಎಂದು ಕೂಗಾಡಿದ. ಆಮೇಲೆ, “ಆದ್ರೂ ಅದು ಬಿಸಿಲೇರೋವರೆಗೂ ಕೂಗ್ತಿತ್ತಲ್ಲ... ಯಾವಾಗಿಂದ ಬದಲಾಯ್ತು?” ಎಂದ. ನಾನು ತಲೆನೋವು ಎಂದು ಎದ್ದು ಹೋದೆ.

ಮರುದಿನದಿಂದ ಮಾವ ಬೆಳಕು ಹರಿಯುವ ಮೊದಲೇ ಕೊಡೆ ಹಿಡಿದು ಹೊರಡತೊಡಗಿದ. ಮಧ್ಯಾಹ್ನದ ಊಟಕ್ಕೂ ಬರುತ್ತಿರಲಿಲ್ಲ. ಕೇಳಿದರೆ “ಕಾಲು ಹಿಡ್ಕೊಂಡಿದೆ, ಸ್ವಲ್ಪ ಅಡ್ಡಾಡ್ತೀನಿ” ಎನ್ನುತ್ತಿದ್ದ. ನಾನು ನನ್ನ ದುಃಖದಲ್ಲಿ ಮುಳುಗಿದ್ದೆ, ಕೆದಕಲಿಲ್ಲ. ಆರನೆಯ ದಿನ ಅಮ್ಮ ಡಬ್ಬಿ ಕೊಟ್ಟು, ಎಲ್ಲಿದ್ದಾನೋ ನೋಡಿ ತಿನ್ನಿಸಿ ಬಾ ಎಂದಳು.

ಏರಿಯ ಮೇಲೆ ನಾಲ್ಕನೇ ಗೂಟದ ಪಕ್ಕ ಕೂತಿದ್ದ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಪುಸ್ತಕ ಮುಂದಕ್ಕೆ ಚಾಚಿದ. ಐದು ಗಂಟೆ, ಆರು ಗಂಟೆ, ಏಳು, ಎಂಟು, ಹೀಗೆ ಸಂಜೆಯವರೆಗೂ ಗೆರೆ ಎಳೆದು ಐದು ದಿನದ್ದೂ ಬರೆದಿದ್ದ. ಪ್ರತಿ ಮನೆಯಲ್ಲೂ ದುಂಡಗಿನ ಸೊನ್ನೆ.

“ಸರಿ ಹೊತ್ತು ಯಾವ್ದು ಅಂತ ಕಂಡುಹಿಡಿದ್ರೆ ಅವರಿಗೆ ಬರೆದು ಹಾಕಬಹುದು ಅಂತ ಬಂದೆ ಪುಟ್ಟಿ. ನಿನ್ನ ತಪ್ಪನ್ನ ನೀನೇ ತಿದ್ದಿದೀಯ ಅಂತ ಆಗುತ್ತಲ್ಲ, ಇನ್ನೊಂದ್ಸಲ ಕರೀಬಹುದು. ಆದ್ರೆ ನಂಗೆ ಸಿಕ್ತಿಲ್ಲ. ನೀನು ಎಷ್ಟೊತ್ತಿಗೆ ಕೇಳಿದ್ದು, ಹೇಳು.”

ಆಗಲೇ ಬಲಗಡೆಯ ಜೊಂಡಿನಿಂದ ಸೂಜಿಹಕ್ಕಿ ಕೂಗಿತು. ನಾನು ಏನೂ ಮಾಡಲಿಲ್ಲ, ನನ್ನ ಕುತ್ತಿಗೆ ತಾನಾಗಿ ತಿರುಗಿತು. ಹೊಸಬರಿಗೆ ಕೂಗು ಕಲಿಸುವಾಗ ಮಾವ ಅವರ ಬಾಯಿ ನೋಡುತ್ತಿರಲಿಲ್ಲ, ಕುತ್ತಿಗೆ ನೋಡುತ್ತಿದ್ದ. ಕೇಳಿಸಿತೆಂದು ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು, ಕೇಳಿಸಿದವರ ಕುತ್ತಿಗೆ ಮಾತ್ರ ತಿರುಗುತ್ತದೆ. ಅವನು ನನ್ನನ್ನು ನೋಡಿದ, ಜೊಂಡನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

“ಈಗ ಕೂಗ್ತಾ?”

ಇಲ್ಲ ಅನ್ನಲು ಬಾಯಿ ತೆರೆದೆ, ಅಳು ಬಂತು.

“ಅವತ್ತು ಫೋಟೋಗೆ ಬಂದಾಗ್ಲೂ?”

“ಹೂಂ ಮಾವ.”

“ಅವರ ಮುಂದೆ ಹೊತ್ತು ತಪ್ಪು ಅಂದಿದ್ದು...” ಎಂದ. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡ. ಡಬ್ಬಿಯಲ್ಲಿದ್ದ ಊಟ ಆರುತ್ತಿತ್ತು. ನಾನು ಅವನ ಕೈ ಹಿಡಿಯಲು ಹೋದೆ, ಮೆಲ್ಲಗೆ ಬಿಡಿಸಿಕೊಂಡ.

“ಅವತ್ತೇ ಹೇಳಿದ್ರೆ ನಾನು ಬರೀ ಕಿವುಡ ಆಗ್ತಿದ್ದೆ. ಅಷ್ಟೇ ತಾನೇ?” ಎಂದ. “ಈಗ ನಿನ್ನ ಅನ್ನ ಕಿತ್ಕೊಂಡೋನೂ ಆದೆ.”