‘ಬೇಡ’ ಬೆಂಚು

ಭಾಷಾ ಟೀಚರಿಗೆ ಅವರ ಬಾಯಿಯೇ ಶತ್ರು. ಸ್ಟಾಫ್ ಮೀಟಿಂಗ್ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಸುಮ್ಮನಿರಲಾರದೆ, “ಈಗಿನ ಮಕ್ಕಳಿಗೆ ಸ್ವಂತ ಅಭಿಪ್ರಾಯ ಅನ್ನೋದೇ ಇಲ್ಲ ಸರ್. ಏನು ಹೇಳಿದ್ರೂ ಕೋಲೆ ಬಸವನ ಹಾಗೆ ತಲೆ ಆಡಿಸ್ತಾರೆ” ಎಂದುಬಿಟ್ಟರು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. “ಹಾಗಾದ್ರೆ ನೀವೇ ಒಂದು ಚರ್ಚಾ ಸಂಘ ಶುರು ಮಾಡಿ. ಶುಕ್ರವಾರದ ಕೊನೇ ಪೀರಿಯಡ್ ತಗೊಳ್ಳಿ. ಮುಂದಿನ ವಾರ ನಾನೇ ಬಂದು ನೋಡ್ತೀನಿ. ಆಗಲಿಲ್ಲ ಅಂದ್ರೆ ಲೆಕ್ಕದ ಮೇಷ್ಟ್ರಿಗೆ ಕೊಟ್ಬಿಡೋಣ, ಅವರೂ ಕೇಳ್ತಾ ಇದ್ದಾರೆ.” ಲೆಕ್ಕದ ಮೇಷ್ಟ್ರು ಆ ಪೀರಿಯಡ್ ಆಗಲೇ ತಮ್ಮ ಜೇಬಿಗೆ ಬಿದ್ದಂತೆ ನಕ್ಕರು.

ಮನೆಯಲ್ಲಿ ಸುದ್ದಿ ಕೇಳಿದ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಚರ್ಚೆ ಕಲಿಸೋದು ನೀನಾ? ಮದುವೆ ಆದಾಗಿಂದ ನನ್ನ ಒಂದು ಮಾತಾದ್ರೂ ಪೂರ್ತಿ—”

“ನೀವೇನು ಹೇಳ್ತೀರಿ ಅಂತ ನಂಗೆ ಮೊದಲೇ ಗೊತ್ತಿರುತ್ತಲ್ಲ!”

“ನೋಡಿದ್ಯಾ, ನಾನಿನ್ನೂ—”

“ಸುಮ್ನಿರಿ, ಹೇಗೆ ನಡೆಸ್ತೀನಿ ನೋಡ್ತಾ ಇರಿ.”

ಹಾಗೆ ಜಂಬ ಕೊಚ್ಚಿದರೂ ಒಳಗೊಳಗೇ ಒಂದು ಅನುಮಾನ ಕೊರೆಯುತ್ತಿತ್ತು. ಮಕ್ಕಳು ಮಾತಾಡುವುದಿಲ್ಲ, ಸರಿ. ಅವರ ಬಾಯಿ ಮುಚ್ಚಿಸಿದವರು ಯಾರು? ಇಷ್ಟು ವರ್ಷ ಅವರ ಮುಂದೆ ನಿಂತು ಪಾಠ ಮಾಡಿದವರು ಯಾರು? ಸಂಘ ಮುಚ್ಚಿದರೆ ಇಡೀ ಸ್ಕೂಲಿಗೆ ಉತ್ತರ ಗೊತ್ತಾಗುತ್ತದೆ. ಅದಕ್ಕಿಂತ ಮೊದಲು ತಮಗೇ ಗೊತ್ತಾಗುತ್ತದೆ ಎಂಬುದೇ ಟೀಚರಿಗೆ ಭಯ.

ಮೊದಲ ಶುಕ್ರವಾರ ಎರಡು ಉದ್ದನೆಯ ಬೆಂಚುಗಳನ್ನು ಎದುರುಬದುರು ಹಾಕಿಸಿ, ಒಂದಕ್ಕೆ ‘ಹೋಮ್‌ವರ್ಕ್ ಬೇಕು’, ಇನ್ನೊಂದಕ್ಕೆ ‘ಹೋಮ್‌ವರ್ಕ್ ಬೇಡ’ ಎಂದು ಚೀಟಿ ಅಂಟಿಸಿದರು. “ನಿಮಗೆ ಯಾವುದು ಸರಿ ಅನ್ಸುತ್ತೋ ಆ ಕಡೆ ಕೂತ್ಕೊಳ್ಳಿ.” ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಟೀಚರ ಮುಖ ನೋಡಿದರು. ಆಮೇಲೆ ಒಬ್ಬರೂ ಬಿಡದೆ ‘ಬೇಕು’ ಬೆಂಚಿನ ಮೇಲೆ ಒತ್ತರಿಸಿಕೊಂಡು ಕೂತರು. ಜಾಗ ಸಾಲದವರು ಪಕ್ಕದಲ್ಲಿ ನಿಂತರು. ಹೋಮ್‌ವರ್ಕ್ ಬೇಕೆಂದು ಮಕ್ಕಳು ನೂಕಾಡುವುದನ್ನು ಟೀಚರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ವಿರೋಧಕ್ಕೆ ಯಾರಾದರೂ ಬೇಕಲ್ಲ, ತಾವೇ ಹೋಗಿ ‘ಬೇಡ’ ಬೆಂಚಿನಲ್ಲಿ ಕೂತು ವಾದಿಸಿದರು. ಮಕ್ಕಳ ನಿದ್ದೆ, ಆಟ, ಬೆನ್ನು, ಕಣ್ಣು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ತಮ್ಮ ಮಾತಿಗೆ ತಾವೇ ಮರುಳಾದರು. “ಈಗ ಏನಂತೀರಿ?” ಎಂದರೆ, “ಹೌದು ಮೇಡಂ” ಎಂದು ಎಲ್ಲರೂ ಬ್ಯಾಗು ಎತ್ತಿಕೊಂಡು ಅವರ ಬೆಂಚಿಗೇ ಬಂದು ಕೂತರು! ಟೀಚರು ಇಂಗು ತಿಂದ ಮಂಗನಂತಾದರು.

ಎರಡನೇ ಶುಕ್ರವಾರಕ್ಕೆ ಎರಡೂ ಕಡೆಯ ಭಾಷಣಗಳನ್ನು ತಾವೇ ಬರೆದು ಬಾಯಿಪಾಠ ಮಾಡಿಸಿದರು. ಹೆಡ್‌ಮಾಸ್ಟರು ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಕ್ಲಾಸ್ ಲೀಡರ್ ‘ಬೇಕು’ ಎಂದ, ‘ಬೇಡ’ ಬೆಂಚಿನ ಮಕ್ಕಳು ‘ಬೇಡ’ ಎಂದರು. ಎರಡೂ ಕಡೆಯವರು ಭಾಷಣದ ಒಂದೇ ಜಾಗದಲ್ಲಿ ಕೈ ಎತ್ತಿದರು, ಒಂದೇ ಜಾಗದಲ್ಲಿ ಉಸಿರು ಬಿಟ್ಟರು. ಹೆಡ್‌ಮಾಸ್ಟರು ಆಕಳಿಸಿದರು. “ಈಗ ಪ್ರಶ್ನೆ ಕೇಳಿ” ಎಂದು ಟೀಚರು ಹೇಳಿದಾಗ ಎಲ್ಲ ಗಪ್‌ಚುಪ್. ಪ್ರಶ್ನೆ ಬರೆದುಕೊಡುವುದನ್ನು ಟೀಚರು ಮರೆತಿದ್ದರು.

ಮರ್ಯಾದೆ ಉಳಿಸಿಕೊಳ್ಳಲು ಮತ್ತೆ ಅದೇ ಬಾಯಿ ಮುಂದೆ ಬಂತು. ಈ ಸಲ ಹೋಮ್‌ವರ್ಕಿನ ಪರವಾಗಿ ಅಮೋಘವಾಗಿ ಮಾತಾಡಿದರು. ಮುಗಿಯುವಷ್ಟರಲ್ಲಿ ‘ಬೇಡ’ ಬೆಂಚು ಖಾಲಿಯಾಗುತ್ತಿತ್ತು. ಒಬ್ಬಳು ಮಾತ್ರ ಏಳಲಿಲ್ಲ. ಟೀಚರಿಗೆ ಅಚ್ಚುಮೆಚ್ಚಿನ ಹುಡುಗಿ, ಯಾವಾಗಲೂ ಹೋಮ್‌ವರ್ಕ್ ಮುಗಿಸಿ ತರುವವಳು.

“ನೀನ್ಯಾಕೆ ಕೂತಿದ್ದೀಯಾ?”

“ಮೇಡಂ, ನೀವು ಹೋದ ವಾರ ಹೇಳಿದ್ದೇ ಸರಿ. ಇವತ್ತು ಹೇಳಿದ್ದು ತಪ್ಪು. ನನ್ನ ಪ್ರಬಂಧ ಚೆನ್ನಾಗಿದೆ ಅಂತ ಸ್ಟಾಫ್ ರೂಮಲ್ಲೆಲ್ಲ ಓದಿ ತೋರಿಸಿದ್ರಲ್ಲ, ಅದನ್ನ ಬರೆದಿದ್ದು ನಮ್ಮಕ್ಕ. ಹೋಮ್‌ವರ್ಕ್ ಕೊಟ್ರೆ ನಮ್ಮನೇಲಿ ಅಕ್ಕ ಕಲೀತಾಳೆ. ನಾನು ಕಲಿಯಲ್ಲ.”

ಹೆಡ್‌ಮಾಸ್ಟರು ನೆಟ್ಟಗೆ ಕೂತರು. ಆ ಪ್ರಬಂಧವನ್ನು ಅವರೂ ಹೊಗಳಿದ್ದರು. ಟೀಚರ ಮುಖ ಕೆಂಪಾಯಿತು, ಅಭ್ಯಾಸಬಲದಿಂದ ಬಾಯಿ ತಾನಾಗಿ ತೆರೆಯಿತು. “ಏನೇ, ನನಗೇ ಎದುರು ಮಾತಾಡ್ತೀಯಾ?”

ಹುಡುಗಿ ಒಂದು ಕ್ಷಣ ಗೊಂದಲಕ್ಕೆ ಬಿದ್ದಳು.

“ಹೌದು ಮೇಡಂ. ನಾವು ಸೇರಿರೋದು ಅದಕ್ಕೇ ಅಲ್ವಾ?”

ಯಾರೂ ನಗಲಿಲ್ಲ. ಅವಳು ತುಂಟತನಕ್ಕೆ ಹೇಳಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಟೀಚರಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಜೊತೆಗೇ, ನಾಚಿಕೆಯ ಬೆನ್ನಿಗೆ, ತಡೆಯಲಾರದಷ್ಟು ಸಂತೋಷವೂ ಆಯಿತು. ಹೇಳಲು ಅವರ ಹತ್ತಿರ ಬೇಕಾದಷ್ಟಿತ್ತು. ನಾಲಿಗೆ ಕಚ್ಚಿಕೊಂಡು, “ಹೂಂ, ಅದಕ್ಕೇ. ಮುಂದೆ ಹೇಳು” ಎಂದರು.

ಅವಳು ಹೇಳುವ ಮೊದಲೇ ಕ್ಲಾಸ್ ಲೀಡರ್ ಎದ್ದ. “ನಾನು ಒಪ್ಪಲ್ಲ! ಎಲ್ಲರ ಮನೇಲೂ ಅಕ್ಕ ಇರ್ತಾಳಾ? ನಂಗೆ ಹೋಮ್‌ವರ್ಕ್ ಕೊಡದಿದ್ರೆ ನಾನು ಪುಸ್ತಕ ಮುಟ್ಟೋದೇ ಇಲ್ಲ.”

“ಅದು ನಿನ್ನ ಸೋಮಾರಿತನ!” ಎಂದು ಇನ್ನೊಬ್ಬಳು ಬ್ಯಾಗು ಎತ್ತಿಕೊಂಡು ‘ಬೇಡ’ ಬೆಂಚಿಗೆ ಓಡಿದಳು. ಕ್ಲಾಸ್ ಲೀಡರ್ ಅವಳಿಗೆ ಉತ್ತರ ಕೊಡತೊಡಗಿದ. ನಡುವೆ ಟೀಚರು, “ಮಕ್ಕಳೇ, ನನಗೇನು ಅನ್ಸುತ್ತೆ ಅಂದ್ರೆ…” ಎಂದು ಶುರು ಮಾಡಿದರು. ಅಚ್ಚುಮೆಚ್ಚಿನ ಹುಡುಗಿ ಅವರ ಕಡೆ ನೋಡದೆಯೇ ಕೈ ಅಡ್ಡ ಹಿಡಿದು, “ಒಂದು ನಿಮಿಷ ಮೇಡಂ, ಅವನು ಹೇಳಿ ಮುಗಿಸ್ಲಿ” ಎಂದಳು.

ಹೆಡ್‌ಮಾಸ್ಟರು ಎದ್ದು ಹೋಗುವಾಗ ಟೀಚರ ಹತ್ತಿರ ಬಗ್ಗಿ, “ಪೀರಿಯಡ್ ನಿಮಗೇ ಇರ್ಲಿ” ಎಂದರು. ಟೀಚರು ಮೂಲೆಯ ಕುರ್ಚಿಯಲ್ಲಿ ಕೂತರು. ಬೆಲ್ ಹೊಡೆಯುವ ತನಕ ಯಾರೂ ಅವರ ಅಭಿಪ್ರಾಯ ಕೇಳಲಿಲ್ಲ.