ಟಿಟ್ಟಿಭ ಏಳದಿರಲಿ

"ಅಗಲ ಹೆಜ್ಜಿ ಹಾಕಬ್ಯಾಡ್ರಲೇ, ವಿಮಾನ ಓಲಾಡತೈತಿ!" ಎಂದು ಸಂಗಣ್ಣ ಗದರುತ್ತಿದ್ದಂತೆಯೇ ಹೆಗಲ ಮೇಲಿನ ವಿಮಾನದಲ್ಲಿ ಕೂರಿಸಿದ್ದ ಅವನ ತಮ್ಮ ರಾಮಲಿಂಗನ ಶವಯಾತ್ರೆ ಬಬಲೇಶ್ವರದ ಪೇಟೆಯನ್ನು ದಾಟಿತು. ಹಲಗೆಯ ಅಬ್ಬರದ ನಡುವೆಯೂ ರಾಮಲಿಂಗನ ಹೆಂಡತಿ ರಾಚವ್ವನ ಮನಸ್ಸು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಬೇಸಿಗೆಯಲ್ಲಿತ್ತು. ಟಿಟ್ಟಿಭ ಹಕ್ಕಿಯೊಂದು ಗಂಡನ ಕಣ್ಣೆದುರೇ ಬಂದು ಕಾವು ಕೂತ ಆ ದಿನಕ್ಕಿಂತ ದೊಡ್ಡ ಗೆಲುವು ಅವನ ಬಾಳಿನಲ್ಲಿ ಇರಲಿಲ್ಲ.

ಹಿಂದಿನಿಂದ ಊರಿನ ಧೂಳಪ್ಪನ ದನಿ ಕೇಳಿಸಿತು: "ಲಗ್ನದ ಅಂಗಿ ಲಗ್ನ ಆದ ಮ್ಯಾಲ ಹೊಲದು ಕೊಟ್ಟ ಟೇಲರ್ ನೋಡು ನಮ್ಮ ರಾಮಲಿಂಗ."

"ಅದೂ ಒಂದು ತೋಳು ಗಿಡ್ಡ!" ಎಂದಳು ನೆರೆಮನೆಯ ಚಾಂದಬಿ, ಕಣ್ಣೊರೆಸಿಕೊಳ್ಳುತ್ತ.

* * *

ಆ ಬೇಸಿಗೆ, ಹೊಲಿಗೆ ತುಂಬಿರುವ ಲಗ್ನಸರಾಯಿಯ ದಿನಗಳಲ್ಲೇ ಅಂಗಡಿಗೆ ಬೀಗ ಜಡಿದು, ಸೈಕಲ್ಲೇರಿ ದಿನ್ನೆಯಾಚೆಗಿನ ಕೆರೆಗೆ ಹೋಗುವ ಗಂಡನ ಬಗ್ಗೆ ರಾಚವ್ವನಿಗೆ ಸಂಶಯ ಹುಟ್ಟಿತ್ತು. ಒಂದು ಮಧ್ಯಾಹ್ನ ಬೆನ್ನು ಹತ್ತಿ ಹೋದಳು. ಜಾಲಿಯ ನೆರಳಲ್ಲಿ ಅವನು ಬೋರಲು ಮಲಗಿದ್ದ.

"ಎಲ್ಲದಾಳ ಆಕಿ?"

"ಅಗೋ, ನೀರಾಗ ಎದಿ ತೋಯಿಸಿಕೊಳ್ಳಾಕತ್ತಾಳ. ಬಾಯಿ ಮುಚ್ಚಿ ಕೂಡು."

ಹಳದಿ ಕಾಲಿನ ಹಕ್ಕಿಯೊಂದು ಒದ್ದೆ ಎದೆಯೊಡನೆ ನಡೆದು ಬಂದು, ಹರಳುಕಲ್ಲುಗಳ ನಡುವಿನ ಮೊಟ್ಟೆಗಳ ಮೇಲೆ ಮೆಲ್ಲನೆ ಕೂತಿತು.

"ಬಿಸಲಾಗ ಬಿಟ್ಟೆದ್ದರ ತತ್ತಿ ಬೆಂದು ಹೋಗತಾವ," ಎಂದು ಅವನು ಪಿಸುಗುಟ್ಟಿದ. "ತಿಂಗಳಾತು, ದಿನಾ ಗೇಣ ಗೇಣ ಹತ್ತರ ಸರದೇನಿ. ಇವತ್ತ ನನ್ನ ನಂಬ್ಯಾಳ ನೋಡ."

ಮುಂದಿನ ಬೇಸಿಗೆಗಳಲ್ಲಿ ರಾಚವ್ವ ಬುತ್ತಿ ಕಟ್ಟಿಕೊಂಡು ತಾನೂ ಹೊರಟಳು.

* * *

ರುದ್ರಭೂಮಿ ಆ ಕೆರೆಯ ಆಚೆಗಿತ್ತು. ಏರಿಯ ಮೇಲೇ ದಾರಿ. ಸೂರ್ಯ ನೆತ್ತಿಗೇರಿದ್ದ. ಏರಿಯ ಬುಡದ ಹರಳುಗಳಲ್ಲಿ ಟಿಟ್ಟಿಭವೊಂದು ಕಾವು ಕೂತಿದ್ದುದನ್ನು ಕಂಡ ರಾಚವ್ವ ಓಡಿ ಮುಂದೆ ಬಂದು, ಹಲಗೆ ಬಾರಿಸುತ್ತಿದ್ದ ಭಾಗಪ್ಪನ ಕೈ ತಡೆದು, ಸಂಗಣ್ಣನತ್ತ ತಿರುಗಿದಳು.

"ಏರಿ ದಾಟೂತನಾ ಹಲಗಿ ನಿಲ್ಲಸ್ರಿ, ಭಾವಾರ. ಹಕ್ಕಿ ಎದ್ದರ ತತ್ತಿ ಉಳಿಯಂಗಿಲ್ಲ."

"ಹಲಗಿ ಇಲ್ಲದ ಒಯ್ಯಾಕ ನನ್ನ ತಮ್ಮೇನು ದಿಕ್ಕಿಲ್ಲದಾಂವನ?" ಸಂಗಣ್ಣ ಸಿಡಿದ. "ಊರ ಮಂದಿ ನನ್ನ ಮಾರಿಗೆ ಉಗುಳತಾರ!"

"ಇದ್ದಾಗ ಅವರು ಒಂದು ಹಕ್ಕಿನೂ ಎಬ್ಬಿಸಲಿಲ್ಲರಿ. ಹೋಗೂ ಮುಂದ ಎಬ್ಬಿಸೂದು ಬ್ಯಾಡ."

ಭಾಗಪ್ಪ ಸಂಗಣ್ಣನ ಮುಖ ನೋಡಿದ. ಸಂಗಣ್ಣ ವಿಮಾನದಲ್ಲಿ ಕೂತ ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ಬಳಿಕ ಕೈಯೆತ್ತಿದ, ಹಲಗೆ ಸುಮ್ಮನಾಯಿತು.

ಏರಿ ಹತ್ತುತ್ತಲೇ, ಆ ನಿಶ್ಶಬ್ದದಲ್ಲಿ, ಸಂಗಣ್ಣನ ಹೊಸ ಮೆಟ್ಟುಗಳು ಹೆಜ್ಜೆಹೆಜ್ಜೆಗೂ ಕಿರುಗುಟ್ಟತೊಡಗಿದವು. ಎಲ್ಲರೂ ತಿರುಗಿ ನೋಡಿದರು. ಅವನು ಬಾಗಿ ಅವನ್ನು ಕಳಚಿ, ಕಂಕುಳಲ್ಲಿ ಇರುಕಿಕೊಂಡು, ಕಾದ ಕಲ್ಲುಗಳ ಮೇಲೆ ತುದಿಗಾಲಿಡುತ್ತ ತಮ್ಮನ ಮುಂದೆ ಮುಂದೆ ನಡೆದ.