ಏಳನೆಯ ಸಲ ಬೆಚ್ಚಗಾದ ಮನೆ

ಚಳಿಗಾಲದಲ್ಲಿ ಮಿಸ್ ವರ್ಲೀನ್ ಬದುಕುವುದು ಅಡುಗೆಮನೆಯಲ್ಲಿ. ಗ್ಯಾಸ್ ಓವನ್ನಿನ ಬಾಗಿಲು ತೆರೆದಿಟ್ಟು, ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮೈಮೇಲೆ ಎರಡು ಸ್ವೆಟರ್. ಅದರ ಮೇಲೆ ಸತ್ತ ಗಂಡನ ಉಕ್ಕಿನ ಕಾರ್ಖಾನೆಯ ಕೋಟು. ಕೈಗೆ ಕಾಲುಚೀಲ. ಮುಂದಿನ ಕೋಣೆಯ ಕಿಟಕಿಗಳಿಗೆ ಒಳಗಿನಿಂದಲೇ ಮಂಜು ಹೆಪ್ಪುಗಟ್ಟಿರುತ್ತದೆ. ಸ್ನಾನದ ಮನೆಯಲ್ಲಿ ಒಣಹಾಕಿದ ಟವೆಲ್ಲು ಹಲಗೆಯಂತೆ ನಿಲ್ಲುತ್ತದೆ.

ಜನವರಿಯ ಮೊದಲ ಸೋಮವಾರ ನಾವು ಹನ್ನೆರಡು ಜನ ಆ ಮನೆಗೆ ಹೋದೆವು. ಬಫಲೋ ನಗರದಲ್ಲಿ ಆ ವಾರ ಸರೋವರದ ಕಡೆಯಿಂದ ಬೀಸಿದ ಹಿಮಗಾಳಿ ಕಾರುಗಳನ್ನೆಲ್ಲ ಹೂತುಹಾಕಿತ್ತು.

"ಒಳಗ್ ಬನ್ನಿ ಮಕ್ಳಾ," ಅಂದರು ಮಿಸ್ ವರ್ಲೀನ್. "ಬೂಟ್ಸ್ ಬಿಚ್ಬೇಡಿ. ನೆಲ ಕೊರೀತೈತೆ."

ನಾವು ಹಸಿರು ಮನೆ ತರಬೇತಿ ಕೇಂದ್ರದ ಹೊಸ ಬ್ಯಾಚು. ಆರು ವಾರದ ಪಾಠ. ಮನೆಯ ಶಾಖ ಎಲ್ಲಿ ಸೋರುತ್ತದೆ ಎಂದು ಹುಡುಕುವುದು, ಸಂದಿ ಮುಚ್ಚುವುದು, ಅಟ್ಟಕ್ಕೆ ಕಾಗದದ ಅರಳೆ ತುಂಬುವುದು. ಮುಗಿದ ಮೇಲೆ ಸರ್ಟಿಫಿಕೇಟು. ಸರ್ಟಿಫಿಕೇಟು ಇದ್ದರೆ ಕೆಲಸ ಗ್ಯಾರಂಟಿ ಎಂದು ಬಸ್ಸುಗಳ ಹಿಂದೆ ಬರೆಸಿದ್ದರು. ನಾನು ಒಂಬತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡಿದ್ದೆ. ರಕ್ತ, ಕೀವು, ಮಲ ಎಲ್ಲ ನೋಡಿದ್ದೆ. ಆ ಕೆಲಸವನ್ನು ಹೊರಗಿನ ಕಂಪನಿಗೆ ಕೊಟ್ಟು ನಮ್ಮನ್ನು ಮನೆಗೆ ಕಳಿಸಿದ್ದರು. ಕಾರ್ವೆಲ್ ಎಂಬಾತ ಹಿಂದೆ ಶಾಲಾ ಬಸ್ಸು ಓಡಿಸುತ್ತಿದ್ದ. ಯಾರಿತ್ಸಾ ಎಂಬ ಪೋರ್ಟೊರಿಕೊದ ಹೆಂಗಸು ಹೋಟೆಲ್ ಕೋಣೆ ಗುಡಿಸುತ್ತಿದ್ದಳು. ನಾವು ಮೂವರೂ ಮೊದಲ ದಿನದಿಂದಲೇ ಒಂದೇ ಏಣಿಗೆ ಜೊತೆಯಾದೆವು.

ನಮ್ಮ ಮೇಷ್ಟ್ರು ಡೇಲ್. ಒಳ್ಳೆಯ ಕೆಲಸಗಾರ. ಅವನು ಮೊದಲು ಮಾಡಿದ ಕೆಲಸ ಫೋಟೋ ತೆಗೆಯುವುದು.

"ಮಿಸ್ ವರ್ಲೀನ್, ಓವನ್ ಹತ್ರಾನೇ ಕೂತ್ಕೊಳಿ. ಕಂಬಳಿ ಹೊದ್ಕೊಳಿ. ಸ್ವಲ್ಪ ಚಳಿ ಆಗ್ತಿರೋ ಥರ."

"ಆಗ್ತಿರೋ ಥರ ಏನ್ ಬಂತಪ್ಪ. ಆಗ್ತಾನೇ ಐತಲ್ಲ."

ಡೇಲ್ ಮೂರು ಸಲ ಕ್ಲಿಕ್ಕಿಸಿದ. ಕೊನೆಯದರಲ್ಲಿ ಆಕೆ ಕಣ್ಣು ಮುಚ್ಚಿದ್ದರು. ಅದೇ ಚೆನ್ನಾಗಿದೆ ಎಂದ.

ಪಾಠ ನನಗೆ ಹಿಡಿಸಿತು. ಸುಳ್ಳು ಹೇಳುವುದಿಲ್ಲ. ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು, ನಡುವೆ ದೊಡ್ಡ ಫ್ಯಾನ್ ಕೂರಿಸಿ, ಮನೆಯ ಗಾಳಿಯನ್ನೆಲ್ಲ ಹೊರಗೆ ಎಳೆಯುತ್ತಿದ್ದೆವು. ಆಗ ಸಂದಿಗೊಂದಿಗಳಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಕೈಯಲ್ಲಿ ಹೊಗೆಕಡ್ಡಿ ಹಿಡಿದು ಗೋಡೆಯುದ್ದಕ್ಕೂ ನಡೆದರೆ ಸಾಕು, ಹೊಗೆ ನಡುಗಿದ ಕಡೆ ತೂತು. ಸ್ವಿಚ್ಚಿನ ಹಿಂದೆ, ಸಿಂಕಿನ ಕೆಳಗೆ, ಅಟ್ಟದ ಮುಚ್ಚಳದ ಸುತ್ತ. ಅರವತ್ತು ವರ್ಷದಿಂದ ಆಕೆಯ ಮನೆಯ ಶಾಖ ಹೋಗುತ್ತಿದ್ದ ದಾರಿಗಳನ್ನು ನಾವು ಒಂದೊಂದಾಗಿ ಮುಚ್ಚಿದೆವು.

ನಾಲ್ಕನೆಯ ವಾರ ಅಟ್ಟ. ಹಳೆಯ ಪತ್ರಿಕೆಗಳನ್ನು ಪುಡಿಮಾಡಿ, ಬೆಂಕಿ ಹಿಡಿಯದಂತೆ ಉಪ್ಪಿನಂಥದ್ದೇನೋ ಬೆರೆಸಿದ ಬೂದು ಅರಳೆ. ಬೀದಿಯಲ್ಲಿ ನಿಂತ ಲಾರಿಯ ಯಂತ್ರಕ್ಕೆ ಅದನ್ನು ಸುರಿದರೆ ಉದ್ದನೆಯ ಪೈಪಿನಲ್ಲಿ ಮೇಲೆ ಬರುತ್ತದೆ. ನಾನು ತೊಲೆಗಳ ಮೇಲೆ ಮಂಡಿಯೂರಿ ಪೈಪು ಹಿಡಿದೆ. ಮೊಣಕಾಲುದ್ದ ತುಂಬಬೇಕು. ಮೂಗಿನಲ್ಲಿ, ಕಿವಿಯಲ್ಲಿ, ಒಳಬಟ್ಟೆಯಲ್ಲಿ ಎಲ್ಲ ಕಾಗದ. ಚೀಲಗಳ ಮೇಲೆ ಕಂಪನಿಯ ಹೆಸರಿರಲಿಲ್ಲ. ಎಲ್ಲವೂ ಕಸ ತುಂಬುವ ಕರೀ ಚೀಲಗಳು. ಒಂದರಲ್ಲಿ ಹರಿದ ಕೈಗವಸಿನ ಬೆರಳು ಸಿಕ್ಕಿತು.

"ಅಕ್ಕಾ, ಯಾರ್ದೋ ಬೆರಳು ಬಿದ್ದೋಗದೆ," ಎಂದ ಕಾರ್ವೆಲ್. "ಯಾವ್ ಬ್ಯಾಚಿಂದೋ ಏನೋ."

ನಕ್ಕೆವು.

ಎರಡು ದಿನ ಕಳೆಯಿತು. ಮಿಸ್ ವರ್ಲೀನ್ ಓವನ್ನಿನ ಬಾಗಿಲು ಮುಚ್ಚಿದರು. ಮಾರನೆಯ ದಿನ ಕೋಟು ಬಿಚ್ಚಿದರು. ಬರಿಯ ಹೂವಿನ ಅಂಗಿಯಲ್ಲಿ ನಿಂತು ನಮಗೆ ಎಲೆಕೋಸಿನ ಪಲ್ಯ, ಜೋಳದ ಬ್ರೆಡ್ ಬಡಿಸಿದರು.

"ಏನ್ ಅಜ್ಜಿ, ಮದ್ವೆ ಹೆಣ್ಣಿನ್ ಥರ ಕಾಣ್ತಿದೀರಾ," ಎಂದ ಕಾರ್ವೆಲ್.

"ಸುಮ್ಕಿರೋ, ನಿನ್ ಮೂತಿ ನೋಡಿದ್ರೆ ಗಂಡಸ್ರೇ ಬ್ಯಾಡ ಅನ್ನಿಸ್ತೈತೆ." ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. "ನೀವ್ ಹುಡುಗ್ರು ಬಂದಾಗೆಲ್ಲ ಹಿಂಗೇ ಕಣವ್ವ. ಒಂದೆರಡ್ ವಾರ ಬೆಚ್ಗಿರ್ತೀನಿ. ಆಮೇಲೆ ಚೆಕಿಂಗ್‌ನೋರು ಬತ್ತಾರೆ, ಮ್ಯಾಲೆ ಹತ್ತಿ ಏನೋ ಗುರ್ರ್ ಅನ್ನಿಸ್ತಾರೆ, ಹೋಯ್ತಾರೆ. ಮತ್ತೆ ನಂಗೆ ಚಳಿ ಹತ್ಕತದೆ. ಡಾಕ್ಟ್ರು ರಕ್ತ ತೆಳ್ಗಾಗೈತೆ ಅಂತ ಮಾತ್ರೆ ಕೊಟ್ಟವ್ರೆ. ಏನ್ಮಾಡೋದು, ವಯಸ್ಸು."

ನಾನು ಇದನ್ನು ಕೇಳಿದೆ. ಬ್ರೆಡ್ಡು ತಿಂದೆ. ಇನ್ನೊಂದು ತುಂಡು ಕೇಳಿ ತಿಂದೆ. ಆ ದಿನ ನನ್ನ ತಲೆಯಲ್ಲಿದ್ದದ್ದು ಸರ್ಟಿಫಿಕೇಟು ಒಂದೇ.

ಆರನೆಯ ವಾರದ ಗುರುವಾರ ಅದನ್ನು ಆ ಮನೆಯ ಮುಂದಿನ ಕೋಣೆಯಲ್ಲೇ ಕೊಟ್ಟರು. ಕೇಂದ್ರದ ನಿರ್ದೇಶಕಿ ಮಿಸ್ ವಿಟ್‌ಲಾಕ್ ಬಂದಿದ್ದರು. ದಾನಿಗಳು ನಾಲ್ಕು ಜನ, ಕ್ಯಾಮೆರಾದವನೊಬ್ಬ. ನಿರ್ದೇಶಕಿ ಮಿಸ್ ವರ್ಲೀನ್‌ರ ಕೈ ಕುಲುಕಿದರು. ಕ್ಯಾಮೆರಾ ಆ ಕಡೆ ತಿರುಗಿದೊಡನೆ ಪರ್ಸಿನಿಂದ ಪುಟ್ಟ ಬಾಟಲಿ ತೆಗೆದು ಅಂಗೈಗೆ ಏನನ್ನೋ ಹಿಂಡಿಕೊಂಡು ಉಜ್ಜಿದರು. ಆ ವಾಸನೆ ನನಗೆ ಗೊತ್ತು. ನಮ್ಮ ಆಸ್ಪತ್ರೆಯಲ್ಲಿ ಬಾಗಿಲು ಬಾಗಿಲಿಗೂ ಇತ್ತು.

"ಏಳು ಬ್ಯಾಚು, ಎಂಬತ್ತನಾಲ್ಕು ಹಸಿರು ಕೈಗಳು, ಏಳು ಬೆಚ್ಚನೆಯ ಮನೆಗಳು," ಎಂದರು ನಿರ್ದೇಶಕಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೊರಡುವಾಗ ಡೇಲ್ ನನ್ನನ್ನು ಬದಿಗೆ ಕರೆದ.

"ಈ ಬ್ಯಾಚಲ್ಲಿ ನೀನೇ ಚುರುಕು, ಡೆನೆಲ್. ನಂಗೊಬ್ರು ಸಹಾಯಕರು ಬೇಕು. ಕಾಯಂ ಕೆಲ್ಸ. ಶನಿವಾರದಿಂದ ಬರ್ತೀಯಾ?"

ಬಸ್ಸಿನಲ್ಲಿ ಮನೆಗೆ ಹೋಗುವಾಗ ಪಕ್ಕದಲ್ಲಿ ಕೂತ ಅಪರಿಚಿತಳಿಗೂ ಆ ಸುದ್ದಿ ಹೇಳಿದೆ.

ಶನಿವಾರ ಬೆಳಿಗ್ಗೆ ಅದೇ ಬೀದಿ. ಅದೇ ಮನೆ. ಲಾರಿಯಲ್ಲಿ ಮಾತ್ರ ಬೇರೆ ಯಂತ್ರ.

"ಇದು ಊದಲ್ಲ, ಹೀರತ್ತೆ," ಎಂದ ಡೇಲ್. "ಅಟ್ಟ ಖಾಲಿ ಮಾಡ್ಬೇಕು. ಆಮೇಲೆ ಸಂದಿಗೆ ತುಂಬಿದ್ದನ್ನೂ ಕೀಳ್ಬೇಕು. ಸೋಮವಾರ ಹೊಸ ಬ್ಯಾಚು."

ನನಗೆ ಮೊದಲು ಅರ್ಥವಾಗಲಿಲ್ಲ. "ಯಾಕೆ, ತಪ್ಪಾಗಿ ತುಂಬಿದ್ವಾ?"

"ತಪ್ಪಿಲ್ಲ. ಚೆನ್ನಾಗಿ ತುಂಬಿದೀರ. ಅವ್ರಿಗೂ ತುಂಬೋಕೆ ಖಾಲಿ ಅಟ್ಟ ಬೇಕಲ್ಲ."

"ಬೇರೆ ಮನೆ ಇಲ್ವ?"

"ಬೇರೆ ಮನೆ ಅಂದ್ರೆ ಹೊಸ ಪರವಾನಗಿ, ಹೊಸ ವಿಮೆ, ಬಣ್ಣದಲ್ಲಿ ಸೀಸ ಇದ್ಯಾ ಅಂತ ಪರೀಕ್ಷೆ. ತಿಂಗಳುಗಟ್ಟಲೆ ಹಿಡಿಯತ್ತೆ. ಈ ಮನೇದು ಎಲ್ಲಾ ಆಗಿದೆ. ಮೂರು ವರ್ಷಕ್ಕೆ ತರಬೇತಿ ಮನೆ ಅಂತ ಆಯಮ್ಮ ಸೈನ್ ಹಾಕಿದಾರೆ. ಸಾಮಾನು ಹಾಕೋ ಹಕ್ಕು, ತೆಗೆಯೋ ಹಕ್ಕು, ಎರಡೂ ನಮ್ದೇ. ಕೊನೇ ಬ್ಯಾಚು ತುಂಬಿದ್ದು ಹಾಗೇ ಇರತ್ತೆ."

"ಕೊನೇ ಬ್ಯಾಚು ಯಾವಾಗ?"

"ಇನ್ನೆರಡು ವರ್ಷ." ನನಗೆ ಮುಖವಾಡ ಕೊಟ್ಟ. "ನೋಡು, ನಂಗೂ ಇಷ್ಟ ಇಲ್ಲ. ಕೆಲ್ಸ ಇದು. ಹತ್ತು."

ಹತ್ತಿದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಹತ್ತಿದೆ. ಪೈಪಿನ ಬಾಯನ್ನು ಅರಳೆಯಲ್ಲಿ ಇಟ್ಟೆ. ಯಂತ್ರ ಗುರ್ರ್ ಎಂದಿತು. ನಾನೇ ಮಂಡಿ ನೋಯಿಸಿಕೊಂಡು ತುಂಬಿದ್ದು ಬಳಬಳ ಎಂದು ಒಳಗೆ ಹೋಯಿತು. ಹಲಗೆ ಕಂಡಿತು. ಕೆಳಗೆ ಎರಡು ಕರೀ ಚೀಲ ತುಂಬಿದವು. ಸೋಮವಾರ ಬರುವವರು ಊದುವುದೂ ಇದನ್ನೇ. ಏಳು ಬ್ಯಾಚಿನ ಬೆವರು, ಎಂಜಲು, ಕೈಗವಸಿನ ಬೆರಳು ಎಲ್ಲ ಸೇರಿದ ಇದೇ ಕಾಗದವನ್ನು.

ಚೀಲ ಬದಲಿಸಲು ಯಂತ್ರ ನಿಂತಾಗ ಕೆಳಗಿನಿಂದ ದನಿ ಬಂತು.

"ಚೆಕಿಂಗ್‌ನೋರಾ? ಎಷ್ಟೊತ್ತಾಯ್ತದಪ್ಪ? ಕೋಟ್ ತಕ್ಕೊಂಬಿಡ್ತೀನಿ. ನೀವು ಬಂದ್ರೆ ನನ್ ಮೂಳೆಗೆ ಗೊತ್ತಾಗೋಯ್ತದೆ."

ನಾನು ಒಂಬತ್ತು ವರ್ಷ ಏನೇನನ್ನೋ ಕೈಯಲ್ಲಿ ಹಿಂಡಿದವಳು. ಒಂದು ದಿನವೂ ವಾಂತಿ ಮಾಡಿಕೊಂಡವಳಲ್ಲ. ಮುಖವಾಡ ಕಿತ್ತು, ಏಣಿ ಇಳಿದು, ಬುಡದಲ್ಲಿದ್ದ ಬಕೆಟ್ಟಿಗೆ ಬಾಗಿ ಎಲ್ಲವನ್ನೂ ಕಕ್ಕಿದೆ.

ಮಿಸ್ ವರ್ಲೀನ್ ಒದ್ದೆ ಬಟ್ಟೆ ತಂದು ನನ್ನ ಬಾಯಿ ಒರೆಸಿದರು. "ನೀನಾ ಮಗ್ಳೇ? ಬಸುರಿಯೇನೇ?"

ಹೇಳಿದೆ. ಡೇಲ್ ಪಕ್ಕದಲ್ಲೇ ನಿಂತಿದ್ದ. ಅವನ ಎದುರೇ ಹೇಳಿದೆ. ತುಂಬಿದ್ದು, ತೆಗೆದದ್ದು, ಮತ್ತೆ ತುಂಬಿದ್ದು. ಆಕೆ ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದರು.

"ಹಂಗಾದ್ರೆ," ಎಂದರು ಆಮೇಲೆ, "ನಂಗೆ ಕಾಯ್ಲೆ ಇಲ್ವ?"

ಡೇಲ್ ಯಂತ್ರದಿಂದ ಪೈಪು ಬಿಚ್ಚತೊಡಗಿದ.

"ವರ್ಷದಿಂದ ಮಾತ್ರೆ ನುಂಗ್ತಾ ಇವ್ನಿ ಕಣೋ ಡೇಲ್. ನನ್ ರಕ್ತ ಕೆಟ್ಟೈತೆ ಅಂದ್ಕಂಡಿದ್ದೆ. ಪ್ರತಿ ಸಲ ನಿಂಗೆ ಕಾಫಿ ಕೊಟ್ಟಿವ್ನಿ."

"ನೀವು ಸೈನ್ ಹಾಕಿದ ಪೇಪರ್ನಲ್ಲಿ ಇತ್ತು, ಮಿಸ್ ವರ್ಲೀನ್."

"ಪೇಪರ್ನಾಗಿತ್ತು. ನಿನ್ ಬಾಯ್ನಾಗೆ ಯಾಕಿರ್ಲಿಲ್ಲ?"

ಅವನು ಪೈಪು ಸುತ್ತಿದ. ಬಾಗಿಲ ಹತ್ತಿರ ನನಗೆ ಹೇಳಿದ, "ನೀನು ಮಾಡ್ದಿದ್ರೆ ಸೋಮವಾರ ಹೊಸಬ್ರ ಕೈಲಿ ಮಾಡಿಸ್ತೀನಿ. ಮೊದಲ್ನೇ ಪಾಠ ತೆಗೆಯೋದು ಅಂತ ಹೇಳ್ತೀನಿ. ಹಳೇ ಅರಳೆ ತೆಗೆಯೋದು ಹೇಗೆ. ಅದೂ ಕಲೀಬೇಕಾದ್ದೇ." ಲಾರಿ ಹೋಯಿತು. ಎರಡು ಕರೀ ಚೀಲ ಅಂಗಳದಲ್ಲೇ ಉಳಿದವು.

ಅವತ್ತೇ ಬ್ಯಾಚಿನ ಎಲ್ಲರಿಗೂ ಫೋನ್ ಮಾಡಿದೆ. ಮೂವರು ಸರ್ಟಿಫಿಕೇಟು ರದ್ದಾಗುತ್ತದೆ ಎಂದು ಹೆದರಿ ಬರಲಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಭಾನುವಾರ ಒಂಬತ್ತು ಜನ ಸೇರಿದೆವು. ಯಂತ್ರವಿಲ್ಲ. ಬಕೆಟ್ಟಿನಲ್ಲಿ ಮೊಗೆದು, ಏಣಿಯ ಮೇಲೆ ಕೈಯಿಂದ ಕೈಗೆ ದಾಟಿಸಿ, ಕೈಯಲ್ಲೇ ಉದುರಿಸಿ ಮತ್ತೆ ಹರಡಿದೆವು. ಯಾರಿತ್ಸಾ ತನ್ನ ಭಾಷೆಯಲ್ಲಿ ಒಂದೇ ಸಮನೆ ಬೈಯುತ್ತಿದ್ದಳು. ಏನೆಂದು ಯಾರೂ ಕೇಳಲಿಲ್ಲ. ದನಿಯಲ್ಲೇ ತಿಳಿಯುತ್ತಿತ್ತು.

ಸೋಮವಾರ ಎಂಟು ಗಂಟೆಗೆ ಲಾರಿ ಬಂತು. ಈ ಸಲ ಎರಡೂ ಯಂತ್ರಗಳಿದ್ದವು, ಜೊತೆಗೆ ಕಡಿಮೆ ಬಿದ್ದರೆ ಇರಲೆಂದು ಅರಳೆಯ ಚೀಲಗಳೂ ಇದ್ದವು. ಹಿಂದೆ ವ್ಯಾನಿನಿಂದ ಹನ್ನೆರಡು ಜನ ಇಳಿದರು. ಹೊಸ ಬೂಟು, ಹೊಸ ಮುಖವಾಡ, ಎದೆಯ ಮೇಲೆ ಹಸಿರು ಎಲೆಯ ಗುರುತು. ನಾವೂ ಹೀಗೇ ಇದ್ದೆವು. ಒಂಬತ್ತು ಜನ ಮೆಟ್ಟಿಲ ಮೇಲೆ ಕೂತಿದ್ದೆವು.

"ಡೆನೆಲ್, ದಾರಿ ಬಿಡು," ಎಂದ ಡೇಲ್.

"ಬಿಡಲ್ಲ."

"ನಿಮ್ ಸರ್ಟಿಫಿಕೇಟು ಹೋಗತ್ತೆ. ನಿರ್ದೇಶಕರು ಪೊಲೀಸ್ನೋರನ್ನ ಕರೆಸ್ತಾರೆ."

"ಕರೀಲಿ ಬಿಡು," ಎಂದ ಕಾರ್ವೆಲ್. "ಅವ್ರಿಗೂ ಒಂದು ಬ್ಯಾಚ್ ಮಾಡಿ ಕಲ್ಸು."

ಹೊಸಬರಲ್ಲಿ ಒಬ್ಬಳು ಮುಂದೆ ಬಂದಳು. ನನ್ನ ವಯಸ್ಸಿನವಳು. ಹೆಸರು ರೋಶೆಲ್ ಎಂದು ಎದೆಯ ಚೀಟಿಯಲ್ಲಿತ್ತು. "ಏನಿದು? ಇದೂ ಪಾಠಾನಾ?"

"ನಿಮ್ಮನ್ನ ಕರ್ಕೊಂಡ್ ಬಂದಿರೋದು ಮೇಲಿರೋದನ್ನ ತೆಗೆಯೋಕೆ," ಎಂದೆ. "ತುಂಬಿದ್ದು ನಾವು. ಮೂರು ವಾರ ಆಗಿಲ್ಲ. ನೀನ್ ತೆಗೆದ್ಮೇಲೆ ನೀನೇ ತುಂಬ್ತೀಯ. ಆಮೇಲೆ ಅದನ್ನ ಇನ್ನೊಬ್ರು ತೆಗೀತಾರೆ. ಒಳಗೆ ಹೋಗಿ ಐದು ನಿಮಿಷ ನಿಂತ್ಕೊ. ಆಮೇಲೂ ತೆಗೀಬೇಕು ಅನ್ಸಿದ್ರೆ ನಾನೇ ಏಣಿ ಹಿಡೀತೀನಿ."

ಅವಳು ಡೇಲ್‌ನ ಮುಖ ನೋಡಿದಳು. ನಮ್ಮ ನಡುವೆ ಕಾಲಿಟ್ಟು ಮೆಟ್ಟಿಲು ಹತ್ತಿ ಒಳಗೆ ಹೋದಳು. ಆಮೇಲೆ ಇನ್ನಿಬ್ಬರು. ಆಮೇಲೆ ಉಳಿದವರು. ಒಳಗೆ ಮಿಸ್ ವರ್ಲೀನ್ ಹೂವಿನ ಅಂಗಿಯಲ್ಲಿ ಕೂತು ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಯಾರ ಊರು ಯಾವುದು, ಯಾರ ತಾಯಿ ಯಾವ ಚರ್ಚಿಗೆ ಹೋಗುತ್ತಿದ್ದಳು, ಇಂಥವೇ. ನಾವು ತೆಗೆದು ತುಂಬಿದ ಸುದ್ದಿಯನ್ನೂ ಅದೇ ದನಿಯಲ್ಲಿ ಹೇಳಿದರು.

ಹತ್ತು ನಿಮಿಷದ ಮೇಲೆ ರೋಶೆಲ್ ಹೊರಗೆ ಬಂದಳು. ಹಣೆಯಲ್ಲಿ ಬೆವರು.

"ಕಲಿಯೋಕೆ ಬಂದಿದೀವಿ ಸರ್," ಎಂದಳು ಡೇಲ್‌ಗೆ. "ಬೇರೆ ಮನೆ ತೋರ್ಸಿ."

"ಪರವಾನಗಿ ಇರೋದು ಈ ಮನೇಗೆ ಮಾತ್ರ ಅಮ್ಮ."

ಎದುರು ಮನೆಯ ಜಗಲಿಯಲ್ಲಿ ಆವರೆಗೆ ಕಂಬಳಿ ಹೊದ್ದು ನಿಂತಿದ್ದ ಮುದುಕ ಕೂಗಿದ. "ಇಲ್ಲಿ ಬನ್ರಿ. ನನ್ ಅಟ್ಟ ಹುಟ್ಟಿದಾಗಿಂದ ಖಾಲಿ. ಮೂರ್ ಸಲ ಅರ್ಜಿ ಹಾಕ್ದೆ. ಪಟ್ಟೀಲಿ ಇದೀಯಾ, ಕಾಯಿ ಅಂದ್ರು. ಇವ್ರು ಆಯಮ್ಮನ ಮನೇನೇ ತಿರುಗ್ಸಿ ತಿರುಗ್ಸಿ ಮಾಡ್ತಿದ್ದಾರೆ ಅಂತ ಯಾವನಿಗ್ ಗೊತ್ತಿತ್ತು."

ಹೀಗೆ ಮಾಡೋಣ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಕಾರ್ವೆಲ್ ಎದ್ದು ಲಾರಿಯ ಹಿಂಬಾಗಿಲು ತೆಗೆದ. ಊದುವ ಯಂತ್ರದ ಪೈಪನ್ನು ಯಾರಿತ್ಸಾ ಮತ್ತು ಹೊಸಬರು ಇಬ್ಬರು ಹೆಗಲ ಮೇಲೆ ಹೊತ್ತರು. ಹಿಮದ ಮೇಲೆ ಎಳೆದುಕೊಂಡು ಬೀದಿ ದಾಟಿದೆವು. ಮುದುಕ ಬಾಗಿಲು ತೆರೆದು ಹಿಡಿದ. ರೋಶೆಲ್ ಏಣಿ ಹಾಕಿದಳು. ಪೈಪು ಹೇಗೆ ಹಿಡಿಯಬೇಕೆಂದು ನಾನು ತೋರಿಸಿಕೊಟ್ಟೆ.

ಡೇಲ್ ಲಾರಿಯ ಮುಂದಿನ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾನೆ. ಫೋನ್ ಕಿವಿಯಲ್ಲಿದೆ. ನಿರ್ದೇಶಕಿಯ ದನಿ ಗಾಜಿನಾಚೆಗೂ ಕೇಳುತ್ತದೆ. ಬೀದಿಯ ತುದಿಯಲ್ಲಿ ಪೊಲೀಸ್ ಕಾರು ಹಿಮದಲ್ಲಿ ನಿಧಾನಕ್ಕೆ ತಿರುಗುತ್ತಿದೆ. ಪೈಪಿನ ತುದಿ ಮುದುಕನ ಅಟ್ಟದಲ್ಲಿದೆ. ಯಂತ್ರದ ಕೀಲಿ ಡೇಲ್‌ನ ಜೇಬಿನಲ್ಲಿದೆ. ನಾವು ಇಪ್ಪತ್ತೊಂದು ಜನ ಲಾರಿಯ ಸುತ್ತ ನಿಂತು, ಅವನು ಇಳಿಯುವುದನ್ನು ಕಾಯುತ್ತಿದ್ದೇವೆ.